ದೀಪವಿಲ್ಲದ ಬೈಸಿಕಲ್ಲು

ಮುಸ್ಸಂಜೆಯ ಹೊತ್ತಿನಲ್ಲಿ ನಮ್ಮ ಯಾವುದಾದರೊಂದು ತಾಲ್ಲೂಕು ಪಟ್ಟಣದ ಹೊರಗಣ ಹೆದ್ದಾರಿಯಲ್ಲಿ ನಿಂತು ನೋಡಿದರೆ, ಶಾಲೆಯಿಂದಲೋ ಮನೆಪಾಠದಿಂದಲೋ ಹಳ್ಳಿಗೆ ಮರಳುವ ಮಕ್ಕಳ ಬೈಸಿಕಲ್ಲುಗಳು ಕಾಣುತ್ತವೆ. ಇನ್ನರ್ಧ ಗಂಟೆ ಕಳೆಯಲಿ; ಬೈಸಿಕಲ್ಲುಗಳು ಇದ್ದೇ ಇರುತ್ತವೆ, ಆದರೆ ಕಾಣುವುದಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಈ ಅರ್ಧ ಗಂಟೆಯ ವ್ಯತ್ಯಾಸವನ್ನು ಕುರಿತೇ.

ಅಪಘಾತವಾದೊಡನೆ ‘ಗ್ರಹಚಾರ’ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುವ ರೂಢಿ ನಮ್ಮಲ್ಲಿ ಬಲವಾಗಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನರು ಮಡಿದರು; ಅವರಲ್ಲಿ ಬೈಸಿಕಲ್ ಸವಾರರೇ ಸಾವಿರಾರು ಮಂದಿ. ಇಷ್ಟೊಂದು ಜನರ ಗ್ರಹಗಳು ಕೆಟ್ಟಿದ್ದವೆಂದು ನಂಬುವುದಕ್ಕಿಂತ, ಕಾರಣವನ್ನು ರಸ್ತೆಯ ಮೇಲೆಯೇ ಹುಡುಕುವುದು ಮೇಲು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರು ಸಾಗುತ್ತದೆ. ಎದುರಿಗಿರುವುದನ್ನು ಕಂಡು, ತಿಳಿದು, ಚಾಲಕನು ಬ್ರೇಕನ್ನು ಒತ್ತುವಷ್ಟರಲ್ಲಿಯೇ ಈ ಒಂದು ಸೆಕೆಂಡು ಕಳೆದಿರುತ್ತದೆ. ಅನಂತರ ಒಣರಸ್ತೆಯಲ್ಲಿ ಕಾರು ನಿಲ್ಲಲು ಇನ್ನೂ ಸುಮಾರು 35 ಮೀಟರು ಬೇಕು. ಒಟ್ಟು 57 ಮೀಟರು! ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ, ಮಾಸಲು ಬಟ್ಟೆ ತೊಟ್ಟ ಸವಾರನು ಇಷ್ಟು ದೂರದಿಂದ ಕಣ್ಣಿಗೆ ಬೀಳುವುದು ಕಷ್ಟ. ಅಂದರೆ, ಚಾಲಕನು ಎಚ್ಚರಿಕೆಯುಳ್ಳವನೇ ಆದರೂ, ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಇದಕ್ಕೆ ಪರಿಹಾರವು ಅಂಗೈಗಿಂತ ಕಿರಿದಾದ ಒಂದು ಕೆಂಪು ಬಿಲ್ಲೆ. ಸಾಮಾನ್ಯ ಕನ್ನಡಿಯು ಓರೆಯಾಗಿ ಬಿದ್ದ ಬೆಳಕನ್ನು ಬೇರೊಂದು ದಿಕ್ಕಿಗೆ ಕಳುಹಿಸಿಬಿಡುತ್ತದೆ. ಈ ಬಿಲ್ಲೆಯ ಒಳಮೈಯಲ್ಲಾದರೋ, ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ, ಮೂರು ಮೈಗಳು ಒಂದಕ್ಕೊಂದು ಲಂಬವಾಗಿ ಕೂಡುವ ಪುಟ್ಟ ಮೂಲೆಗಳು ಒತ್ತೊತ್ತಾಗಿರುತ್ತವೆ. ಒಳಹೊಕ್ಕ ಕಿರಣವು ಮೂರು ಮೈಗಳಿಗೂ ತಾಗಿ, ಬಂದ ದಿಕ್ಕಿಗೇ ಮರಳುತ್ತದೆ. ಆದುದರಿಂದ ಕಾರಿನ ಬೆಳಕು ಕಾರಿನ ಕಡೆಗೇ ಹಿಂದಿರುಗಿ, ಬಹು ದೂರದಿಂದಲೇ ಚಾಲಕನ ಕಣ್ಣನ್ನು ಸೆಳೆಯುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇರಿಸಿ ಬಂದ ಪ್ರತಿಫಲಕವೂ ಇದೇ ತತ್ತ್ವವನ್ನು ಅನುಸರಿಸಿದ್ದು. ಚಂದ್ರನಿಂದ ಭೂಮಿಗೆ ಬೆಳಕನ್ನು ಮರಳಿಸಬಲ್ಲ ಉಪಾಯವನ್ನು ಮಡ್‌ಗಾರ್ಡಿನ ಮೇಲೆ ಕೆಸರು ಮೆತ್ತಿಸಿಕೊಂಡು ಕುರುಡಾಗಲು ಬಿಟ್ಟವರು ನಾವೇ! ಬೆಳಕು ಬಿದ್ದರೆ ಮಾತ್ರ ಬಿಲ್ಲೆ ಹೊಳೆಯುವುದರಿಂದ, ಅದರ ಜೊತೆಗೆ ದೀಪವೂ ಬೇಕು.

ಹಿಂದೆ ನಮ್ಮ ಪಟ್ಟಣಗಳಲ್ಲಿ ರಾತ್ರಿ ದೀಪವಿಲ್ಲದೆ ಹೊರಟ ಸವಾರನನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದರು. ಎಣ್ಣೆಯ ದೀಪ, ಬಳಿಕ ಡೈನಮೋ ದೀಪ ಬೈಸಿಕಲ್ಲಿನ ಅಂಗಗಳೇ ಆಗಿದ್ದವು. ಮೋಟಾರುಗಳು ವಿರಳವಾಗಿದ್ದಾಗ ದೀಪವಿತ್ತು. ಅವು ಕಿಕ್ಕಿರಿದಿರುವ ಇಂದು ದೀಪ ಮರೆಯಾಗಿದೆ. ಇದು ವಿವೇಕವೆನಿಸದು. ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಿಂದ ಎಂಟನೆಯ ತರಗತಿಯ ಅಸಂಖ್ಯ ಮಕ್ಕಳಿಗೆ, ವಿಶೇಷವಾಗಿ ಹಳ್ಳಿಯ ಹೆಣ್ಣುಮಕ್ಕಳಿಗೆ, ಬೈಸಿಕಲ್ಲು ಕೈಸೇರಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಯಾರೇ ಮಗುವಿನ ಕೈಗೆ ಬೈಸಿಕಲ್ಲನ್ನು ಕೊಡಲಿ, ಅದರೊಡನೆ ಒಂದು ದೀಪವನ್ನೂ ರಸ್ತೆಯ ನಿಯಮಗಳ ಒಂದು ಪಾಠವನ್ನೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಆ ಪಾಠದಲ್ಲಿ ಮೊದಲು ಬರಬೇಕಾದುದು ಎಡಪಕ್ಕದ ನಿಯಮ. ಎದುರಿನ ವಾಹನ ಕಾಣಲೆಂದು ಬಲಬದಿಯಲ್ಲಿ ಹೋಗುವವರುಂಟು. ಸವಾರನ ವೇಗ 15, ಲಾರಿಯದು 60 ಎನ್ನೋಣ. ಎಡಬದಿಯಲ್ಲಿದ್ದರೆ ಲಾರಿ ಅವನನ್ನು ಸಮೀಪಿಸುವ ವೇಗ 45, ಬಲಬದಿಯಲ್ಲಿದ್ದರೆ 75. ಪೆಟ್ಟಿನ ಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, ಅಪಾಯವು ಎರಡೂವರೆ ಪಟ್ಟಿಗೂ ಮಿಗಿಲಾಗುತ್ತದೆ.

ಹಾಗೆಂದು ಹೊಣೆಯನ್ನೆಲ್ಲ ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. 1971ರಲ್ಲಿ ಪುಟ್ಟ ನೆದರ್ಲೆಂಡಿನ ರಸ್ತೆಗಳಲ್ಲಿ 3000ಕ್ಕೂ ಹೆಚ್ಚು ಜನರು ಸತ್ತರು; ಅವರಲ್ಲಿ 400ಕ್ಕೂ ಮಿಕ್ಕಿ ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು. ಸರ್ಕಾರವು ಬೈಸಿಕಲ್ಲುಗಳಿಗೆ ಪ್ರತ್ಯೇಕ ಪಥಗಳನ್ನು ನಿರ್ಮಿಸಿತು, ವಸತಿಬೀದಿಗಳಲ್ಲಿ ಮೋಟಾರಿನ ವೇಗವನ್ನು ಕಡಿಮೆಮಾಡಿತು. ಇಂದು ಅಲ್ಲಿ ಸಾವುಗಳ ಸಂಖ್ಯೆ ವರ್ಷಕ್ಕೆ ಸಾವಿರದೊಳಗಿದೆ. ಆ ಜನ ಗ್ರಹಚಾರವೆಂದು ಕೈಕಟ್ಟಿ ಕುಳಿತಿರಲಿಲ್ಲ.

ನಮ್ಮ ರಸ್ತೆಗಳು ಹಾಗಾಗಬೇಕೆಂದು ನಾವು ಕೇಳುತ್ತಲೇ ಇರಬೇಕು. ಆದರೆ ವಿದ್ಯಾರ್ಥಿಮಿತ್ರರೇ, ಇಂದು ಸಂಜೆಯ ಕತ್ತಲೆಯು ಅಲ್ಲಿಯವರೆಗೆ ಕಾಯುವುದಿಲ್ಲ. ಮನೆಗೆ ಹೊರಡುವ ಮುನ್ನ ಬೈಸಿಕಲ್ಲಿನ ಹಿಂಬದಿಗೆ ಹೋಗಿ ನೋಡಿ: ಬಿಲ್ಲೆ ಇದೆಯೇ? ಇದ್ದರೆ, ಅದರ ಧೂಳನ್ನು ಒರೆಸಿ.