ಧ್ವನಿಮುದ್ರಣವು ಅಪವ್ಯಯವೇ?

ವೃದ್ಧ ಗಾಯಕರ ಹಾಡನ್ನು ಯಂತ್ರದಲ್ಲಿ ಹಿಡಿದಿಡುವುದು ವೃಥಾ ಶ್ರಮವೆಂದೂ, ಗುರುಮುಖದಿಂದ ಬಂದ ವಿದ್ಯೆಯು ಶಿಷ್ಯಮುಖದಿಂದಲೇ ಉಳಿಯತಕ್ಕದ್ದೆಂದೂ ನಮ್ಮ ಜಿಲ್ಲೆಯ ಕೆಲವು ಸುಶಿಕ್ಷಿತ ಮಹನೀಯರು ಹೇಳುತ್ತಿರುವರು. ಇದಕ್ಕೆ ಬೆಂಬಲವಾಗಿ ಮೈಸೂರಿನ ಜಯಚಾಮರಾಜ ಒಡೆಯರನ್ನು ಉದಾಹರಿಸಿ, ಪರದೇಶದ ಮುದುಕನೊಬ್ಬನ ಪಿಯಾನೋವಾದನವನ್ನು ತಟ್ಟೆಗಿಳಿಸಲು ಅರಸರು ಹಣ ಸುರಿದುದು ಕೇವಲ ರಾಜವಿಲಾಸವೆಂದು ನಗುವರು. ಈ ಎರಡು ಮಾತುಗಳೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಮೊದಲು ಅರಸರ ಸಂಗತಿ. ನಿಕೊಲಾಯ್ ಮೆಟ್ನರ್ ಎಂಬಾತನು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವನು. ಪಿಯಾನೋ ವಾದಕನೂ ಹೌದು, ವಾಗ್ಗೇಯಕಾರನೂ ಹೌದು. 1921ರಲ್ಲಿ ಸ್ವದೇಶವನ್ನು ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲೆಸಿ, ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ಕಾಲ ಕಳೆಯುತ್ತಿದ್ದನು. ಸ್ವತಃ ಪಿಯಾನೋ ಬಲ್ಲವರಾದ ನಮ್ಮ ಅರಸರು ಆತನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಮುದ್ರಿಸಿಡಲು ದ್ರವ್ಯಸಹಾಯ ಮಾಡಿದರು. ಅದರ ಫಲವಾಗಿ 1947ರಲ್ಲಿ ಆತನ ಮೂರು ಕನ್ಸರ್ಟೊಗಳು ಮುದ್ರಿತವಾದುವು. ಮೂರನೆಯದನ್ನು ಆತನು ಅರಸರಿಗೇ ಅರ್ಪಿಸಿದನು. 1951ರ ನವೆಂಬರಿನಲ್ಲಿ ಮೆಟ್ನರನು ತೀರಿಕೊಂಡನು. ಅರಸರು ಇನ್ನು ಐದು ವರ್ಷ ತಡಮಾಡಿದ್ದರೆ ಹಣವಿರುತ್ತಿತ್ತು, ಯಂತ್ರವಿರುತ್ತಿತ್ತು, ನುಡಿಸುವ ಕೈ ಮಾತ್ರ ಇರುತ್ತಿರಲಿಲ್ಲ.

ಪರದೇಶದವನಿಗೇಕೆ ಎಂಬುವರಿಗೆ ನಾನು ಹೇಳುವುದಿಷ್ಟು: ಈ ಅರಸರೇ ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ತನ್ನ ಮನೆಯ ದೀಪವನ್ನು ಆರಿಸಿ ನೆರೆಮನೆಗೆ ಎಣ್ಣೆ ಹೊತ್ತವರಲ್ಲ. ಪ್ರಜೆಗಳ ಹಣವನ್ನು ಅಷ್ಟು ದೂರ ಕಳುಹಬಹುದೇ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಆ ಪ್ರಶ್ನೆಯಿಂದ ಹೊರಡುವ ಸಿದ್ಧಾಂತವು ‘ನಮ್ಮವರನ್ನೂ ಹಾಗೆಯೇ ಉಳಿಸಿಕೊಳ್ಳೋಣ’ ಎಂಬುದೇ ಹೊರತು ‘ಯಾರನ್ನೂ ಉಳಿಸುವುದು ಬೇಡ’ ಎಂಬುದಲ್ಲ.

ಇನ್ನು ಗುರುಮುಖದ ಮಾತು. ವೇದವು ಯಂತ್ರವಿಲ್ಲದೆ ಉಳಿಯಲಿಲ್ಲವೇ ಎಂದು ಕೇಳುವರು. ಪಾಠಶಾಲೆಯಲ್ಲಿ ಓದಿದ ನಾನು ಇದಕ್ಕೆ ಉತ್ತರ ಹೇಳಬಲ್ಲೆನು. ವೇದವು ತಾನಾಗಿ ಉಳಿಯಲಿಲ್ಲ. ಪದಪಾಠ, ಕ್ರಮಪಾಠ, ಅವುಗಳ ಮೇಲೆ ಜಟೆ ಮೊದಲ್ಗೊಂಡು ಘನದವರೆಗೆ ಎಂಟು ವಿಕೃತಿಗಳು: ಹೀಗೆ ಪದಗಳನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ, ಒಂದು ಸ್ವರವೂ ಜಾರದಂತೆ ಬಿಗಿದು ಇಟ್ಟರು. ಘನಪಾಠವೇ ನಮ್ಮ ಪೂರ್ವಿಕರ ಧ್ವನಿಮುದ್ರಣಯಂತ್ರ. ನಮ್ಮ ಸೀಮೆಯ ತತ್ತ್ವಪದಗಳಿಗೆ ಇಂತಹ ಕಾವಲು ಯಾವುದಿದೆ? ಕಡಕೋಳದ ಮಡಿವಾಳಪ್ಪನವರ ಪದಗಳು ಅಚ್ಚಾಗಿವೆ, ಧಾಟಿ ಅಚ್ಚಾಗಿಲ್ಲ. ಏಕತಾರಿ ಹಿಡಿದು ಹಾಡುವ ಮುದುಕರ ಕಂಠದಲ್ಲಿ ಅದು ಇದೆ. ಅವರ ಮಕ್ಕಳು ಸಿಮೆಂಟು ಕಾರ್ಖಾನೆಗೋ ಪುಣೆಗೋ ಹೋಗಿರುವರು. ಶಿಷ್ಯಮುಖವೇ ಇಲ್ಲದಿರುವಲ್ಲಿ ಗುರುಮುಖದ ಮಹಿಮೆಯನ್ನು ಕೊಂಡಾಡಿ ಫಲವೇನು?

ನಿರ್ಲಕ್ಷ್ಯದ ಫಲವನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಸೇಡಂ ತಾಲೂಕಿನ ಮಳಖೇಡವೇ ನೃಪತುಂಗನ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನು ಹೆಸರಿಸುವುದು. ಅವರ ಕನ್ನಡ ಗದ್ಯದಲ್ಲಿ ಒಂದು ಓಲೆಯೂ ನಮಗೆ ಉಳಿದಿಲ್ಲ. ಉಳಿದಿರುವುದು ಹೆಸರು ಮಾತ್ರ. ಪ್ರತಿ ಮಾಡುವವರಿಲ್ಲದ ಸಾಹಿತ್ಯದ ಗತಿ ಇದು.

ಇಂದು ಎಲ್ಲರ ಜೇಬಿನಲ್ಲಿಯೂ ಮೊಬೈಲಿರುವುದರಿಂದ ಮುದ್ರಣವು ತಾನಾಗಿಯೇ ನಡೆಯುತ್ತಿದೆಯೆಂದು ಕೆಲವರ ಸಮಾಧಾನ. ಜಾತ್ರೆಯ ಗದ್ದಲದಲ್ಲಿ ಅರ್ಧ ಪಲ್ಲವಿಯನ್ನು ಹಿಡಿದು, ಹಾಡಿದವರ ಹೆಸರಿಲ್ಲದೆ ಊರಿಲ್ಲದೆ ಹತ್ತು ಜನರಿಗೆ ಕಳುಹಿಸಿ, ಯಂತ್ರ ತುಂಬಿದೊಡನೆ ಅಳಿಸಿಹಾಕುವುದು ರಕ್ಷಣೆಯಲ್ಲ. ಹಾಡಿದವರು ಯಾರು, ವಯಸ್ಸೆಷ್ಟು, ಯಾರಲ್ಲಿ ಕಲಿತರು, ಯಾವ ದಿನ ಹಾಡಿದರು ಎಂಬುದನ್ನು ಬರೆದಿಟ್ಟು, ಪದವನ್ನು ಆದ್ಯಂತ ಮುದ್ರಿಸಿ, ಮೂರು ಕಡೆ ಪ್ರತಿಯಿಡುವುದು ರಕ್ಷಣೆ.

ಅರಸರಿಲ್ಲದ ಈ ಕಾಲದಲ್ಲಿ ಹಣವೆಲ್ಲಿಂದ? ಇದಕ್ಕೂ ಉದಾಹರಣೆಯಿದೆ. ಜರ್ಮನಿಯ ಬೀಥೋವನ್ ಕಿವುಡನಾದ ಮೇಲೆ, 1816ರಿಂದ 1822ರೊಳಗೆ, ತನ್ನ ಕಡೆಯ ಐದು ಪಿಯಾನೋ ಸೊನಾಟಾಗಳನ್ನು ರಚಿಸಿದನು. ಆತನ 32 ಸೊನಾಟಾಗಳನ್ನೂ ಮೊಟ್ಟಮೊದಲು ಸಮಗ್ರವಾಗಿ ಮುದ್ರಿಸಿದವನು ಆರ್ಟರ್ ಶ್ನಾಬೆಲ್. ಜೀವಂತ ವಾದನವನ್ನು ತಟ್ಟೆಯಲ್ಲಿ ಕಟ್ಟಬಾರದೆಂದು ನಮ್ಮ ಆಕ್ಷೇಪಕರಂತೆಯೇ ವಾದಿಸಿ ಆತನೂ ಬಹುಕಾಲ ಒಲ್ಲೆನೆಂದವನೇ. ಕಡೆಗೆ ಒಪ್ಪಿ 1932ರಿಂದ 1935ರವರೆಗೆ ಲಂಡನ್ನಿನಲ್ಲಿ ಆ ಕಾರ್ಯವನ್ನು ಮುಗಿಸಿದನು. ಅದಕ್ಕೆ ಹಣ ಬಂದುದು ರಾಜಭಂಡಾರದಿಂದಲ್ಲ. ಸಂಘವೊಂದನ್ನು ಕಟ್ಟಿ, ರಸಿಕರಿಂದ ಮುಂಗಡ ಚಂದಾ ಎತ್ತಿದರು. ಶ್ನಾಬೆಲನೂ 1951ರಲ್ಲಿಯೇ ತೀರಿಕೊಂಡನು. ಆ ತಟ್ಟೆಗಳನ್ನು ಜನರು ಇಂದಿಗೂ ಕೇಳುತ್ತಿರುವರು.

ಆದಕಾರಣ ನಮ್ಮ ಸಂಘವು ಈ ಕಾರ್ಯಕ್ಕೆ ಕೂಡಲೇ ಕೈಹಾಕತಕ್ಕದ್ದು. ಈ ಪತ್ರಿಕೆಯನ್ನು ತರಿಸುವ ಪ್ರತಿಯೊಂದು ಮನೆಯೂ ವರ್ಷಕ್ಕೆ 100 ರೂಪಾಯಿ ಕೊಡಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಲಿನ ಊರುಗಳಲ್ಲಿ 70 ದಾಟಿದ ಪದಕಾರರ ಪಟ್ಟಿಯಾಗಲಿ. ಎಲ್ಲರಿಗಿಂತ ಹಿರಿಯರಿಂದ ಮೊದಲಾಗಲಿ. ಹಾಡುವವರಿಗೆ ಸಂಭಾವನೆಯೂ ಸಲ್ಲಲಿ, ಏಕೆಂದರೆ ದಾನವನ್ನು ಬೇಡುತ್ತಿರುವವರು ಅವರಲ್ಲ, ನಾವು. ಅಪವ್ಯಯವೆನ್ನುವ ಮಹನೀಯರು ಇದಕ್ಕಿಂತ ಅಗ್ಗವಾದ ಉಪಾಯವಿದ್ದರೆ ಮುಂದಿನ ಸಂಚಿಕೆಯಲ್ಲಿ ತಿಳಿಸುವ ಕೃಪೆಮಾಡಲಿ. ಇಲ್ಲವಾದರೆ ಮೊದಲ ಚಂದಾ ಅವರದೇ ಆಗಲಿ.