ಯಾವುದರ ಶೇ 27?

'ಮರೆವಿನ ಕಾಯಿಲೆಗೆ ಮದ್ದು ಸಿಕ್ಕಿತು' ಎಂಬ ಲೇಖನ ಓದಿ ಸಿಟ್ಟು ಬಂತು. ಲೆಕಾನೆಮ್ಯಾಬ್ ಎಂಬ ಔಷಧ ಅಲ್ಜೈಮರ್ಸ್ ರೋಗಿಗಳ ಕುಸಿತವನ್ನು ಶೇ 27ರಷ್ಟು ನಿಧಾನಗೊಳಿಸಿತು ಎನ್ನುತ್ತಾರೆ ಲೇಖಕರು. ನಿಜ. ಆದರೆ ಯಾವುದರ ಶೇ 27? 1,795 ಮಂದಿಯ ಮೇಲೆ ನಡೆದ ಆ ಔಷಧದ ಪ್ರಯೋಗದಲ್ಲಿ ಬಳಸಿದ್ದು 18 ಅಂಕಗಳ ಮಾಪಕ. 18 ತಿಂಗಳಲ್ಲಿ ಹುಸಿಮದ್ದು ಪಡೆದವರ ಸ್ಥಿತಿ ಸರಾಸರಿ 1.66 ಅಂಕ ಹದಗೆಟ್ಟಿತು, ಔಷಧ ಪಡೆದವರದು 1.21. ಅರ್ಧ ಅಂಕವೂ ಇಲ್ಲದ ಈ ಅಂತರವನ್ನು ಗುಣವಾಗುವುದು ಎನ್ನಲಾದೀತೆ?

ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ಪದೇ ಪದೇ ಎಂಆರ್‌ಐ. ಔಷಧ ಪಡೆದ ಶೇ 12.6 ಮಂದಿಯ ಮಿದುಳಿನಲ್ಲಿ ಊತ, ಶೇ 17.3 ಮಂದಿಯಲ್ಲಿ ರಕ್ತಸ್ರಾವದ ಗುರುತು ಕಂಡಿದ್ದವು. ಲೇಖನದಲ್ಲಿ ಇದರ ಸುಳಿವೇ ಇಲ್ಲ. ಆರಂಭದ ಹಂತ ದಾಟಿದವರನ್ನಂತೂ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಮಗನ ಹೆಸರೇ ಮರೆತ ತಾಯಿಗಾಗಿ ಜಮೀನು ಮಾರಲು ಹೊರಡುವ ಮನೆಯವರಿಗೆ ಮೊದಲು ಹೇಳಬೇಕಾದ್ದು ಅದನ್ನು.