ಲಂಟಾನದ ಪಾಠ, ನೌಕರಿಯ ಪಾಠ: ನಡುವೆ ಬೇಲಿ ಯಾಕೆ?

ತಾಳವಾಡಿ: ಚಾಮರಾಜನಗರ ಕಡೆಯ ಕಾಲೇಜೊಂದರಲ್ಲಿ ಮೊನ್ನೆ ಜೀವಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೆ ವಿಚಾರ ಸಂಕಿರಣ ನಡೆಯಿತು. ನಮ್ಮ ಕಡೆಯಿಂದ ಬಸ್ಸಿನಲ್ಲಿ ಓಡಾಡಿ ಓದುವ ಮಕ್ಕಳೂ ಇದ್ದಾರಲ್ಲ ಅಂತ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬೆಳಿಗ್ಗೆಯ ವಿಷಯ, ಹೊರಗಿನಿಂದ ಬಂದು ನೆಲ ನುಂಗುವ ಜೀವಿಗಳು. ಮಧ್ಯಾಹ್ನದ್ದು, ನೌಕರಿಗೆ ಬೇಕಾದ ಕೌಶಲ. ಎರಡೂ ಒಳ್ಳೆಯವೇ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಮುಗಿದವು. ನನ್ನ ತಕರಾರು ಅದೇ.

ಹೂವಿನ ಅಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ತಂದ ಲಂಟಾನ ಇವತ್ತು ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಕಾಡಿನಲ್ಲಿ ಹುಲ್ಲಿಗೆ ಜಾಗ ಬಿಡುತ್ತಿಲ್ಲ. ದನ ತಿಂದರೆ ವಿಷ. ಆನೆ ಹೊಲಕ್ಕೆ ನುಗ್ಗಲು ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಕಾಡಿನ ಮೇವಿನ ಲೆಕ್ಕ ಹಾಕುವಾಗ ಇದನ್ನು ಬಿಡುವಂತಿಲ್ಲ. ತರಗಿಗೆ ಬೆಂಕಿ ಹಾಕುವ ಹಳೆಯ ಪದ್ಧತಿ ನಿಂತ ಮೇಲೆಯೇ ಲಂಟಾನ ಹೆಚ್ಚಿತು ಎನ್ನುತ್ತಾರೆ ಬಿಳಿಗಿರಿಯ ಸೋಲಿಗರು. ಈ ಮಾತನ್ನು ಅಳೆದು ನೋಡುವುದೇ ಒಬ್ಬ ವಿದ್ಯಾರ್ಥಿಗೆ ಸಾಕಷ್ಟು ಕೆಲಸ.

2018ರ ಮೆಕ್ಕೆಜೋಳದ ಕಥೆ ನೆನಪಿದೆಯಲ್ಲ? ಅಮೆರಿಕ ಖಂಡದ ಫಾಲ್ ಸೈನಿಕ ಹುಳುವನ್ನು ಮೊದಲು ಗುರುತು ಹಿಡಿದದ್ದು ಶಿವಮೊಗ್ಗದ ಹೊಲಗಳಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು. ಅದೇ ವರ್ಷ ಹುಳ ತಮಿಳುನಾಡಿಗೂ ದಾಟಿತು. ಹುಳಕ್ಕೆ ಚೆಕ್‌ಪೋಸ್ಟ್ ಉಂಟೆ? ಹುಳ ಕಂಡಾಗ ‘ಇದು ನಮ್ಮದಲ್ಲ’ ಅಂತ ಹೇಳಬಲ್ಲ ಕಣ್ಣೇ ದೊಡ್ಡ ಕೌಶಲ. ಅರ್ಜಿ ಬರೆಯೋದು, ಸಂದರ್ಶನಕ್ಕೆ ಟೈ ಕಟ್ಟೋದು ಆಮೇಲಿನ ಮಾತು.

ಇನ್ನೊಂದು ಕೌಶಲ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ: ಎರಡು ಭಾಷೆ. ಇಲಾಖೆಯ ಸೂಚನೆ ತಮಿಳಿನಲ್ಲಿ ಬರುತ್ತೆ, ಹೊಲದ ಮಾತು ಕನ್ನಡದಲ್ಲಿ ನಡೆಯುತ್ತೆ. ಎರಡನ್ನೂ ಬಲ್ಲವನು ಸಮೀಕ್ಷೆಗೂ ಆಗ್ತಾನೆ, ರೈತನಿಗೂ ಆಗ್ತಾನೆ. ಮಂಡಿ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರಿದ್ದಾರೆ. ಅಲ್ಲೂ ದುಡಿಮೆ ಇದೆ. ಆದರೆ ಕಡ್ಡಿ ಕೊಯ್ದರೆ ಗಿಡ ಮತ್ತೆ ಚಿಗುರುತ್ತೆ, ಬುಡ ಸಮೇತ ತೆಗೀಬೇಕು. ಬುಟ್ಟಿಯೊಂದರಿಂದಲೇ ಕಾಡು ಹಸನಾಗಲ್ಲ.

ಮುಂದಿನ ಸಲ ಮಧ್ಯಾಹ್ನದ ಪಾಠ ಕೋಣೆಯಲ್ಲಿ ಬೇಡ ಸ್ವಾಮಿ. ಮಕ್ಕಳನ್ನು ಕಾಡಂಚಿನ ಒಂದು ಹೊಲಕ್ಕೆ ಕರ್ಕೊಂಡು ಬನ್ನಿ. ಗುದ್ದಲಿ ನಾವು ಕೊಡ್ತೀವಿ.